ಕೂಸನ್ನು ಕಟ್ಟಿಕೊಂಡು ಲಂಡನ್ ಸುತ್ತುವವರಿಗೆ: ಟ್ಯೂಬೋ, ಎಲಿಜಬೆತ್ ಲೈನೋ, ಬಸ್ಸೋ?

ವಾರದ ಮಟ್ಟಿಗೆ ಪ್ರವಾಸಕ್ಕೆ ಬರುವ ಕುಟುಂಬಗಳು, ಕೆಲಸದ ಮೇಲೆ ಹೊಸದಾಗಿ ಬಂದು ಹೌನ್ಸ್ಲೋ, ಸ್ಲೌ, ಇಲ್ಫರ್ಡ್ ಕಡೆ ಮನೆ ಮಾಡಿದ ದಂಪತಿಗಳು, ಮೊಮ್ಮಗುವನ್ನು ಆಡಿಸಲು ಬಂದಿಳಿದ ಅಜ್ಜ–ಅಜ್ಜಿಯರು, ಇವರೆಲ್ಲರ ಪ್ರಶ್ನೆ ಹೆಚ್ಚುಕಡಿಮೆ ಒಂದೇ ಆಗಿರುತ್ತದೆ: ಚಿಕ್ಕ ಮಕ್ಕಳೊಂದಿಗೆ ಲಂಡನ್ ಸುತ್ತಲು ನೆಲದಡಿಯ ಟ್ಯೂಬ್ ಹಿಡಿಯುವುದೋ, ನಗರವನ್ನು ಪೂರ್ವ–ಪಶ್ಚಿಮವಾಗಿ ದಾಟುವ ಹೊಸ ರೈಲಾದ ಎಲಿಜಬೆತ್ ಲೈನ್ ಹುಡುಕಿಕೊಂಡು ಹೋಗುವುದೋ, ನಿಧಾನವಾದರೂ ಬಸ್ಸೇ ವಾಸಿಯೋ? ಇದರ ಬೆನ್ನಿಗೇ ಇನ್ನೊಂದು ಪ್ರಶ್ನೆಯೂ ಬರುತ್ತದೆ: ಸ್ಟ್ರೋಲರ್ ಒಯ್ಯಬೇಕೋ, ಮಗುವನ್ನು ಎದೆಗೆ ಕಟ್ಟಿಕೊಂಡರೆ ಸಾಕೋ?

ಫೋನಿನ ನಕ್ಷೆಯನ್ನು ಕೇಳಿದರೆ ಅದು ನಿಮಿಷಗಳ ಲೆಕ್ಕ ಒಪ್ಪಿಸುತ್ತದೆ. ಮಗು ಜೊತೆಗಿರುವಾಗ ಆ ಲೆಕ್ಕವನ್ನು ನಂಬಿ ಹೊರಡಬಾರದು ಎಂಬುದು ನನ್ನ ಅಭಿಪ್ರಾಯ. ಎರಡು ಸಲ ರೈಲು ಬದಲಿಸಿ ಇಪ್ಪತ್ತೈದು ನಿಮಿಷದಲ್ಲಿ ತಲುಪಿಸುವ ದಾರಿಗಿಂತ, ಒಂದೇ ರೈಲಿನಲ್ಲಿ ಕೂತು ನಲವತ್ತು ನಿಮಿಷಕ್ಕೆ ತಲುಪುವ ದಾರಿ ಮೂರು ವರ್ಷದೊಳಗಿನ ಮಗುವಿರುವ ಯಾರಿಗಾದರೂ ಮೇಲು. ಮುಂದಿನ ಹೋಲಿಕೆಯೆಲ್ಲ ಈ ಮಾತಿನ ಮೇಲೆ ನಿಂತಿದೆ.

ಮೊದಲು ಅಳತೆಗೋಲು

ಎಲ್ಲಕ್ಕಿಂತ ಮುಖ್ಯವಾದದ್ದು ಮೆಟ್ಟಿಲು. ಬೆಂಗಳೂರಿನ ‘ನಮ್ಮ ಮೆಟ್ರೊ’ ಓಡಲು ಶುರುವಾದದ್ದು 2011ರಲ್ಲಿ; ಅದರ ನಿಲ್ದಾಣಗಳನ್ನು ಕಟ್ಟುವಾಗಲೇ ಲಿಫ್ಟುಗಳನ್ನು ಸೇರಿಸಿಕೊಂಡು ಕಟ್ಟಿದರು. ಲಂಡನ್ನಿನ ನೆಲದಡಿಯ ರೈಲು ಆರಂಭವಾದದ್ದು 1863ರಲ್ಲಿ. ಅಂದಿನವರ ಲೆಕ್ಕದಲ್ಲಿ ಗಾಲಿಕುರ್ಚಿಯೂ ಇರಲಿಲ್ಲ, ಸ್ಟ್ರೋಲರೂ ಇರಲಿಲ್ಲ. ಇಂದು ಟ್ಯೂಬಿನ 272 ನಿಲ್ದಾಣಗಳಲ್ಲಿ ಸುಮಾರು ಮೂರನೇ ಒಂದು ಭಾಗದಲ್ಲಿ ಮಾತ್ರ ಮೆಟ್ಟಿಲು ಹತ್ತದೆ ಇಳಿಯದೆ ಬೀದಿಯಿಂದ ಪ್ಲಾಟ್‌ಫಾರ್ಮ್ ಸೇರಬಹುದು. ಟ್ಯೂಬ್ ನಕ್ಷೆಯಲ್ಲಿ ಇಂಥ ನಿಲ್ದಾಣಗಳ ಹೆಸರಿನ ಬಳಿ ಗಾಲಿಕುರ್ಚಿಯ ಗುರುತು ಇರುತ್ತದೆ, ಅದರಲ್ಲೂ ಎರಡು ಬಗೆಯಿದೆ. ನೀಲಿ ವೃತ್ತದೊಳಗೆ ಬಿಳಿ ಗುರುತಿದ್ದರೆ ಬೀದಿಯಿಂದ ರೈಲಿನೊಳಗಿನವರೆಗೂ ಅಡಚಣೆಯಿಲ್ಲ. ಬಿಳಿ ವೃತ್ತದೊಳಗೆ ನೀಲಿ ಗುರುತಿದ್ದರೆ ಪ್ಲಾಟ್‌ಫಾರ್ಮಿನವರೆಗೆ ಮಾತ್ರ ಸಲೀಸು, ರೈಲಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಎತ್ತರದ ವ್ಯತ್ಯಾಸವೋ ಸಂದೋ ಇರುತ್ತದೆ. ಸ್ಟ್ರೋಲರಿಗೆ ಎರಡನೆಯದೂ ಸಾಕು, ಮುಂಚಕ್ರವನ್ನು ಸ್ವಲ್ಪ ಎತ್ತಿದರಾಯಿತು.

ಎರಡನೆಯದು ರೈಲು ಬದಲಿಸುವ ಶ್ರಮ. ನಕ್ಷೆಯಲ್ಲಿ ಎರಡು ಬಣ್ಣದ ಗೆರೆಗಳು ಒಂದು ಸುತ್ತಿನಲ್ಲಿ ಕೂಡಿದ್ದನ್ನು ಕಂಡು ಪ್ಲಾಟ್‌ಫಾರ್ಮುಗಳು ಅಕ್ಕಪಕ್ಕದಲ್ಲೇ ಇರುತ್ತವೆಂದು ತಿಳಿಯಬಾರದು. ಗ್ರೀನ್ ಪಾರ್ಕಿನಲ್ಲಿ ಪಿಕಾಡಿಲಿ ಲೈನಿನಿಂದ ಇಳಿದು ಜುಬಿಲಿಗೋ ವಿಕ್ಟೋರಿಯಾಕ್ಕೋ ಹೋಗುವ ಓಣಿ, ಬ್ಯಾಂಕ್ ಮತ್ತು ಮಾನ್ಯುಮೆಂಟ್ ನಡುವಿನ ದಾರಿ, ಕಿಂಗ್ಸ್ ಕ್ರಾಸ್‌ನ ಒಳಸುತ್ತು, ಇವೆಲ್ಲ ದೊಡ್ಡವರಿಗೇ ಸಾಕೆನಿಸುವಷ್ಟು ಉದ್ದವಿವೆ. ‘ಎತ್ಕೋ’ ಎಂದು ಕೈ ಚಾಚುವ ಮಗು ಇದ್ದರಂತೂ ಇನ್ನೂ ಉದ್ದವಾಗುತ್ತವೆ.

ಮೂರನೆಯದು ಸೆಕೆ ಮತ್ತು ಸದ್ದು, ನಾಲ್ಕನೆಯದು ಜನಜಂಗುಳಿ, ಐದನೆಯದು ದುಡ್ಡು. ಶೌಚಾಲಯದ ವಿಷಯವನ್ನು ಅಳತೆಗೋಲಾಗಿ ಸೇರಿಸಿಲ್ಲ. ಕಾರಣ, ಟ್ಯೂಬ್, ಎಲಿಜಬೆತ್ ಲೈನ್, ಬಸ್ಸು ಯಾವುದರೊಳಗೂ ಶೌಚಾಲಯವಿಲ್ಲ, ಆ ವಿಷಯದಲ್ಲಿ ಮೂರೂ ಒಂದೇ. ಕೆಲವು ನಿಲ್ದಾಣಗಳಲ್ಲಿ ಇದೆ, ಹಲವಲ್ಲಿ ಇಲ್ಲ. ಮ್ಯೂಸಿಯಂ, ದೊಡ್ಡ ಅಂಗಡಿ, ರೈಲ್ವೆ ಟರ್ಮಿನಸ್ ಬಿಡುವ ಮುಂಚೆಯೇ ಡೈಪರ್ ಬದಲಿಸಿಕೊಂಡು ಹೊರಡುವುದೊಂದೇ ಉಪಾಯ.

ಟ್ಯೂಬ್ ಎಂದರೆ ಒಂದಲ್ಲ, ಎರಡು

ಹನ್ನೊಂದು ಲೈನುಗಳನ್ನೂ ಒಟ್ಟಿಗೆ ‘ಟ್ಯೂಬ್’ ಎಂದು ಕರೆಯುವುದರಿಂದ ಹೊಸಬರಿಗೆ ಒಂದು ವ್ಯತ್ಯಾಸ ಕಾಣುವುದೇ ಇಲ್ಲ. ಮೆಟ್ರೊಪಾಲಿಟನ್, ಡಿಸ್ಟ್ರಿಕ್ಟ್, ಸರ್ಕಲ್, ಹ್ಯಾಮರ್‌ಸ್ಮಿತ್ ಆ್ಯಂಡ್ ಸಿಟಿ ಎಂಬ ನಾಲ್ಕು ಲೈನುಗಳು ನೆಲಕ್ಕೆ ತೀರ ಹತ್ತಿರದಲ್ಲಿ, ರಸ್ತೆಯನ್ನು ಅಗೆದು ಹಳಿ ಹಾಕಿ ಮತ್ತೆ ಮುಚ್ಚಿದ ಅಗಲವಾದ ಸುರಂಗಗಳಲ್ಲಿ ಓಡುತ್ತವೆ. ಇವುಗಳ ರೈಲುಗಳಲ್ಲಿ ಹವಾನಿಯಂತ್ರಣವಿದೆ, ಒಂದು ತುದಿಯಿಂದ ಇನ್ನೊಂದು ತುದಿಗೆ ಒಳಗೇ ನಡೆದುಹೋಗಬಹುದು, ಸ್ಟ್ರೋಲರ್ ಬಿಚ್ಚಿಯೇ ನಿಲ್ಲಿಸಲು ಜಾಗವೂ ಸಿಗುತ್ತದೆ. ಸೆಂಟ್ರಲ್, ನಾರ್ದರ್ನ್, ಪಿಕಾಡಿಲಿ, ವಿಕ್ಟೋರಿಯಾ, ಜುಬಿಲಿ, ಬೇಕರ್‌ಲೂ ಇವು ಆಳದ ಲೈನುಗಳು. ಇವುಗಳ ಸುರಂಗ ಮೂರೂವರೆ ಮೀಟರಿನಷ್ಟೇ ಅಗಲದ ದುಂಡನೆಯ ಕೊಳವೆ. ರೈಲಿನ ಚಾವಣಿಯೂ ಅದಕ್ಕೆ ತಕ್ಕಂತೆ ಬಾಗಿರುತ್ತದೆ. ಸುತ್ತಲಿನ ಜೇಡಿಮಣ್ಣು ನೂರು ವರ್ಷಗಳಿಂದ ರೈಲುಗಳ ಶಾಖವನ್ನು ಹೀರಿ ಹೀರಿ ಈಗ ತಾನೇ ಬಿಸಿಯಾಗಿ ಕೂತಿದೆ. ಹಾಗಾಗಿ ಮೇಲೆ ಸ್ವೆಟರ್ ಹಾಕಿಕೊಳ್ಳುವ ಚಳಿಯಿದ್ದರೂ ಸೆಂಟ್ರಲ್ ಲೈನಿನೊಳಗೆ ಬೆವರು ಕಿತ್ತುಬರುತ್ತದೆ.

ಚಳಿಗಾಲದಲ್ಲಿ ಹೊಸ ತಾಯಂದಿರು ಗಮನಿಸಬೇಕಾದದ್ದು ಇದನ್ನೇ. ದಪ್ಪ ಜಾಕೆಟ್, ಟೋಪಿ, ಮೇಲೊಂದು ಕಂಬಳಿ ಹೊದಿಸಿ, ಎದೆಗೆ ಕಟ್ಟಿಕೊಂಡು ಇಳಿದ ಮಗುವಿಗೆ ಹತ್ತು ನಿಮಿಷದಲ್ಲಿ ಕತ್ತಿನ ಹಿಂದೆ ಬೆವರೊಡೆಯುತ್ತದೆ. ಎಸ್ಕಲೇಟರ್ ಇಳಿಯುವಾಗಲೇ ಟೋಪಿ ತೆಗೆದು ಜಿಪ್ ಸಡಿಲಿಸಿ. ಕಿರಿಕಿರಿಗೆ ಹಸಿವು ಕಾರಣವೆಂದು ಹಾಲು ಕುಡಿಸಲು ಹೆಣಗುವವರ ಮಗು ಅಳುತ್ತಿರುವುದು ಬಹಳ ಸಲ ಸೆಕೆಗೆ. ಸದ್ದಿನ ವಿಷಯದಲ್ಲೂ ಆಳದ ಲೈನುಗಳೇ ಮುಂದು. ಸೆಂಟ್ರಲ್ ಮತ್ತು ವಿಕ್ಟೋರಿಯಾ ಲೈನುಗಳ ಕೆಲವೆಡೆ ಹಳಿಯ ಕಿರುಚು ಪಕ್ಕದವರ ಮಾತು ಕೇಳಿಸದಷ್ಟಿರುತ್ತದೆ. ಸದ್ದಿಗೆ ಬೆಚ್ಚುವ ಮಗುವಿಗೆ ಕಿವಿಮುಚ್ಚುಗೆ ಒಂದು ಚೀಲದಲ್ಲಿರಲಿ.

ಆಳದ ಲೈನುಗಳನ್ನು ಹಾಗೆಂದು ಕೈಬಿಡಬೇಕಾಗಿಲ್ಲ. ಇವು ಬೇಗ ಬರುತ್ತವೆ, ಎಲ್ಲೆಡೆಗೂ ಹೋಗುತ್ತವೆ. ವಿಕ್ಟೋರಿಯಾ ಲೈನಿನಲ್ಲಿ ದಟ್ಟಣೆಯ ಹೊತ್ತು ಹೆಚ್ಚುಕಡಿಮೆ ನೂರು ಸೆಕೆಂಡಿಗೊಂದು ರೈಲು ಬರುವುದರಿಂದ, ತುಂಬಿದ ರೈಲಿಗೆ ನುಗ್ಗುವ ಅಗತ್ಯವೇ ಬೀಳುವುದಿಲ್ಲ. ಅದನ್ನು ಬಿಟ್ಟು ಪ್ಲಾಟ್‌ಫಾರ್ಮಿನ ತುದಿಗೆ ನಡೆದರೆ ಮುಂದಿನದರಲ್ಲಿ ನಿಲ್ಲಲು ಜಾಗ ಸಿಗುತ್ತದೆ. ಇವುಗಳಲ್ಲಿ ಜುಬಿಲಿ ಲೈನಿನ ಪೂರ್ವದ ತುಂಡು, ಅಂದರೆ ವೆಸ್ಟ್‌ಮಿನ್‌ಸ್ಟರ್‌ನಿಂದ ಸ್ಟ್ರಾಟ್‌ಫರ್ಡ್‌ವರೆಗಿನದು, ಬೇರೆಯೇ ಜಾತಿ. 1999ರಲ್ಲಿ ತೆರೆದ ಈ ಭಾಗದ ಎಲ್ಲ ನಿಲ್ದಾಣಗಳಲ್ಲೂ ಲಿಫ್ಟ್ ಇದೆ. ನೆಲದಡಿಯ ನಿಲ್ದಾಣಗಳಲ್ಲಿ ಹಳಿಗೂ ಪ್ಲಾಟ್‌ಫಾರ್ಮಿಗೂ ನಡುವೆ ಗಾಜಿನ ಬಾಗಿಲುಗಳಿವೆ. ಕೈ ಬಿಡಿಸಿಕೊಂಡು ಓಡುವ ಎರಡು–ಮೂರು ವರ್ಷದ ಮಗು ಇರುವವರಿಗೆ ಆ ಬಾಗಿಲಿನ ಬೆಲೆ ಗೊತ್ತು. ಟ್ಯೂಬಿನ ಬೇರೆ ಕಡೆಗಳಲ್ಲಿ ಹಳದಿ ಗೆರೆಯೊಂದೇ ಕಾವಲು.

ಲಿಫ್ಟ್ ಇದೆ ಎಂಬ ಮಾತ್ರಕ್ಕೆ ನಿಲ್ದಾಣ ಮೆಟ್ಟಿಲಿಲ್ಲದ್ದಾಗುವುದಿಲ್ಲ ಎಂಬುದನ್ನೂ ತಿಳಿದಿರಬೇಕು. ಕೊವೆಂಟ್ ಗಾರ್ಡನ್‌ನಲ್ಲಿ ಬೀದಿಗೆ ಒಯ್ಯುವ ದೊಡ್ಡ ಲಿಫ್ಟುಗಳಿವೆ, ಆದರೆ ಪ್ಲಾಟ್‌ಫಾರ್ಮಿನಿಂದ ಲಿಫ್ಟಿನವರೆಗೆ ಮೆಟ್ಟಿಲುಗಳಿವೆ. ಲಿಫ್ಟಿನ ಸಾಲು ನೋಡಿ ಬೇಸತ್ತು ಪಕ್ಕದ ಸುರುಳಿ ಮೆಟ್ಟಿಲು ಹಿಡಿದರೆ 193 ಹತ್ತಬೇಕು. ಅಲ್ಲಿನ ಸಾರಿಗೆ ಮ್ಯೂಸಿಯಂ ಮಕ್ಕಳಿಗೆ ಬಲು ಇಷ್ಟವಾಗುವ ಜಾಗವಾದ್ದರಿಂದ ಹೋಗುವವರು ಬಹಳ. ಲೆಸ್ಟರ್ ಸ್ಕ್ವೇರ್‌ನಲ್ಲೇ ಇಳಿದು ಎಸ್ಕಲೇಟರ್ ಹತ್ತಿ ಅಲ್ಲಿಂದ ನಡೆಯಿರಿ. ಎರಡು ನಿಲ್ದಾಣಗಳ ನಡುವೆ ಮುನ್ನೂರು ಮೀಟರ್ ಕೂಡ ಇಲ್ಲ.

ಎಲಿಜಬೆತ್ ಲೈನ್

2022ರ ಮೇ ತಿಂಗಳಲ್ಲಿ ತೆರೆದ ಈ ಲೈನಿನ 41 ನಿಲ್ದಾಣಗಳಲ್ಲೂ ಮೆಟ್ಟಿಲಿಲ್ಲದ ದಾರಿಯಿದೆ. ಪ್ಯಾಡಿಂಗ್‌ಟನ್‌ನಿಂದ ವುಲಿಚ್‌ವರೆಗಿನ ನಡುಭಾಗದಲ್ಲಿ ಪ್ಲಾಟ್‌ಫಾರ್ಮೂ ರೈಲಿನ ನೆಲವೂ ಒಂದೇ ಮಟ್ಟದಲ್ಲಿರುವುದರಿಂದ ಸ್ಟ್ರೋಲರನ್ನು ಸೀದಾ ಒಳಗೆ ನೂಕಬಹುದು. ಹವಾನಿಯಂತ್ರಣ, ಅಗಲವಾದ ಬೋಗಿಗಳು, ಸುರಂಗದ ನಿಲ್ದಾಣಗಳಲ್ಲಿ ಚಾವಣಿಯೆತ್ತರದ ಗಾಜಿನ ಬಾಗಿಲುಗಳು, ಮೇಲೆ ಹೇಳಿದ ಅಳತೆಗೋಲಿನಲ್ಲಿ ಬಹುತೇಕ ಎಲ್ಲದರಲ್ಲೂ ಇದೇ ಮೊದಲು. ನಗರದ ನಡುಭಾಗದೊಳಗೆ ದರವೂ ಟ್ಯೂಬಿನಷ್ಟೇ.

ತೊಡಕು ಇರುವುದು ಅದರ ಉದ್ದದಲ್ಲಿ. ಒಂಬತ್ತು ಬೋಗಿಯ ರೈಲು ಇನ್ನೂರು ಮೀಟರ್ ದಾಟುತ್ತದೆ, ಕೆಲವೆಡೆ ಪ್ಲಾಟ್‌ಫಾರ್ಮಿನ ಎರಡು ತುದಿಗಳು ಎರಡು ಬೇರೆ ನಿಲ್ದಾಣಗಳಿಗೆ ಏರುತ್ತವೆ. ಲಿವರ್‌ಪೂಲ್ ಸ್ಟ್ರೀಟ್‌ನಲ್ಲಿ ಇಳಿದು ಪಶ್ಚಿಮದ ಕಡೆ ನಡೆದವರು ಮೂರ್‌ಗೇಟ್‌ನಲ್ಲಿ ಮೇಲೇಳುತ್ತಾರೆ. ಫ್ಯಾರಿಂಗ್‌ಡನ್‌ನ ಇನ್ನೊಂದು ತುದಿ ಬಾರ್ಬಿಕನ್ನಿಗೆ ಹೋಗುತ್ತದೆ. ಫಲಕ ಓದದೆ ಜನರ ಹಿಂದೆ ಹೊರಟರೆ, ಉಳಿಸಿದ ನಿಮಿಷಗಳೆಲ್ಲ ಅಲ್ಲೇ ಕಳೆದುಹೋಗುತ್ತವೆ. ಇನ್ನೊಂದು ಮಿತಿಯೆಂದರೆ ಇದು ಪೂರ್ವ–ಪಶ್ಚಿಮದ ಒಂದೇ ದಾರಿ. ಸೌತ್ ಕೆನ್ಸಿಂಗ್‌ಟನ್‌ನ ಮ್ಯೂಸಿಯಂಗಳು, ವೆಸ್ಟ್‌ಮಿನ್‌ಸ್ಟರ್, ಲಂಡನ್ ಬ್ರಿಡ್ಜ್ ಯಾವುದಕ್ಕೂ ಇದು ನೇರ ಹೋಗುವುದಿಲ್ಲ. ಸ್ಲೌ, ಸೌತಾಲ್, ಇಲ್ಫರ್ಡ್ ಕಡೆಯವರಿಗೆ ಮನೆಬಾಗಿಲಿನ ವರ. ಹ್ಯಾರೋ ಕಡೆ ನೆಂಟರಿದ್ದವರಿಗೆ ಮೆಟ್ರೊಪಾಲಿಟನ್ ಲೈನೇ ಸಹಜವಾದ ಆಯ್ಕೆ, ಎಲಿಜಬೆತ್ ಹುಡುಕಿಕೊಂಡು ಸುತ್ತು ಹಾಕುವ ಅಗತ್ಯವಿಲ್ಲ.

ಬಸ್ಸು, ಮತ್ತು ಚಾಲಕನಿಲ್ಲದ ರೈಲು

ಕೆಂಪು ಬಸ್ಸನ್ನು ನಿಧಾನವೆಂದು ತಳ್ಳಿಹಾಕುವವರು ಮೆಟ್ಟಿಲಿನ ಲೆಕ್ಕ ಮರೆತಿರುತ್ತಾರೆ. ಬಸ್ಸುಗಳ ನೆಲ ತಗ್ಗಾಗಿದ್ದು, ಸ್ಟ್ರೋಲರ್ ಮಡಚದೆ ಹತ್ತಿಸಬಹುದು. 2025ರ ದರದಲ್ಲಿ 1.75 ಪೌಂಡ್ ಕೊಟ್ಟರೆ ಒಂದು ಗಂಟೆಯೊಳಗೆ ಎಷ್ಟು ಬಸ್ ಬದಲಿಸಿದರೂ ಮತ್ತೆ ದುಡ್ಡಿಲ್ಲ. ಇಡೀ ದಿನ ಬಸ್ಸಿನಲ್ಲೇ ಓಡಾಡಿದರೂ 5.25 ಪೌಂಡ್ ಮೀರುವುದಿಲ್ಲ. ನಗದು ಮಾತ್ರ 2014ರಿಂದ ತೆಗೆದುಕೊಳ್ಳುವುದಿಲ್ಲ. ಮಗು ಹಟಕ್ಕೆ ಬಿದ್ದರೆ ಮುಂದಿನ ನಿಲುಗಡೆಯಲ್ಲಿ ಇಳಿದು ಗಾಳಿಗೆ ನಿಲ್ಲಬಹುದೆಂಬ ಅನುಕೂಲ ಸುರಂಗದಲ್ಲಿ ಎಲ್ಲಿದೆ?

ಆದರೆ ಸ್ಟ್ರೋಲರ್ ನಿಲ್ಲಿಸುವ ಜಾಗ ಗಾಲಿಕುರ್ಚಿಯವರಿಗೆ ಮೀಸಲು. ಅವರು ಬಂದರೆ ಮಡಚಲೇಬೇಕು. ಈಗಾಗಲೇ ಎರಡು ಸ್ಟ್ರೋಲರುಗಳಿದ್ದರೆ ಮುಂದಿನ ಬಸ್ಸಿಗೆ ಕಾಯಬೇಕಾಗಬಹುದು. ಮಹಡಿಯ ಮುಂದಿನ ಸೀಟಿಗಾಗಿ ಮಕ್ಕಳು ಪಟ್ಟು ಹಿಡಿಯುವುದು ಖಂಡಿತ, ಸ್ಟ್ರೋಲರ್ ಕಾಯಲು ಒಬ್ಬರು ಕೆಳಗೆ ಉಳಿಯಬೇಕಾದ್ದೂ ಅಷ್ಟೇ ಖಂಡಿತ. ಒಬ್ಬರೇ ದೊಡ್ಡವರು ಇರುವಾಗ ಈ ಆಸೆಯನ್ನು ಮಕ್ಕಳಲ್ಲಿ ಹುಟ್ಟಿಸದಿರುವುದು ಜಾಣತನ. ಸಂಜೆ ನಾಲ್ಕರಿಂದ ಏಳರವರೆಗೆ ನಗರದ ನಡುವೆ ಬಸ್ ಆಮೆಯಾಗುತ್ತದೆ. ಅದೇ ಹೊತ್ತು ಟ್ಯೂಬಿನಲ್ಲೂ ನೂಕುನುಗ್ಗಲು, ಬೆಳಿಗ್ಗೆ ಆರೂವರೆಯಿಂದ ಒಂಬತ್ತೂವರೆಯೂ ಹಾಗೆಯೇ. ಹತ್ತರ ನಂತರ ಹೊರಟು ಮೂರೂವರೆಗೆ ಮರಳುವ ಹಾಗೆ ದಿನ ಹೂಡಿದರೆ ಯಾವ ವಾಹನವಾದರೂ ಸರಿಯೇ.

ಡಿಎಲ್‌ಆರ್ ಎಂಬ ಪುಟ್ಟ ರೈಲು ಬಹುತೇಕ ಮೇಲೆಯೇ ಓಡುವುದಾದರೂ ಇಲ್ಲಿ ಹೆಸರಿಸಬೇಕು: ಎಲ್ಲ ನಿಲ್ದಾಣಗಳಲ್ಲೂ ಮೆಟ್ಟಿಲಿಲ್ಲದ ದಾರಿಯಿದೆ, ಮುಂದೆ ಚಾಲಕನಿಲ್ಲ, ಆ ಸೀಟಿನಲ್ಲಿ ಕೂತ ನಾಲ್ಕು ವರ್ಷದ ಮಗುವೇ ಚಾಲಕ. ಗ್ರಿನಿಚ್‌ಗೆ ಹೋಗುವವರು ಬೇರೆ ಯೋಚನೆ ಮಾಡಬೇಕಿಲ್ಲ.

ಎತ್ತಿಕೊಳ್ಳುವುದೋ, ತಳ್ಳುವುದೋ

ಒಂದು ವರ್ಷದೊಳಗಿನ ಕೂಸಿಗೆ, ಅದರಲ್ಲೂ ಆಳದ ಲೈನುಗಳಲ್ಲಿ ಹೆಚ್ಚು ತಿರುಗುವವರಿಗೆ, ಎದೆಗೆ ಕಟ್ಟಿಕೊಳ್ಳುವ ಕ್ಯಾರಿಯರ್ ಉತ್ತಮ. ಎರಡೂ ಕೈ ಬಿಡುವಾಗಿರುತ್ತವೆ, ಯಾವ ನಿಲ್ದಾಣವೂ ಅಡ್ಡಿಯಲ್ಲ. ಹತ್ತು ಕಿಲೋ ದಾಟಿದ ಮೇಲೆ ಬೆನ್ನು ಮಾತಾಡಲು ಶುರುಮಾಡುತ್ತದೆ. ಒಂದರಿಂದ ಮೂರು ವರ್ಷದ ಮಕ್ಕಳಿಗೆ ಒಂದೇ ಕೈಯಲ್ಲಿ ಮಡಚಬಹುದಾದ ಹಗುರ ಸ್ಟ್ರೋಲರ್ ಬೇಕೇ ಬೇಕು, ಏಕೆಂದರೆ ಮಧ್ಯಾಹ್ನದ ನಿದ್ದೆ ಬೀಳುವುದು ಅದರಲ್ಲೇ. ಅಂಗಡಿಯಲ್ಲಿ ಮಡಚಿ ತೋರಿಸಿದ್ದನ್ನು ನಂಬದೆ, ಇನ್ನೊಂದು ತೋಳಿನಲ್ಲಿ ಮಗುವನ್ನು ಎತ್ತಿಕೊಂಡು ನೀವೇ ಮಡಚಿ ನೋಡಿ. ಆಗದಿದ್ದರೆ ಅದು ಟ್ಯೂಬಿಗೆ ಒದಗುವುದಿಲ್ಲ. ದೊಡ್ಡ ಚಕ್ರದ, ಕೆಳಗೆ ಬುಟ್ಟಿಯಿರುವ ಭಾರದ ಪ್ರಾಮ್ ಪಾರ್ಕಿಗೆ ಚೆಂದ, ಎಲಿಜಬೆತ್ ಲೈನಿಗೂ ಆದೀತು, ಸೆಂಟ್ರಲ್ ಲೈನಿಗೆ ಬೇಡ. ಅಜ್ಜಿಯರು ಸೊಂಟದ ಮೇಲೆ ಕೂರಿಸಿಕೊಂಡೇ ಹೊರಡುತ್ತೇನೆ ಎನ್ನುತ್ತಾರೆ. ಮನೆಯಂಗಳಕ್ಕೆ ಅದು ಸರಿ, ರೈಲು ಎಳೆದು ಹೊರಡುವ ಹೊತ್ತಿಗೆ ಕಂಬ ಹಿಡಿಯಲು ಅವರಿಗೂ ಒಂದು ಕೈ ಬೇಕು.

ಎಸ್ಕಲೇಟರಿನಲ್ಲಿ ಸ್ಟ್ರೋಲರ್ ಮಡಚಿ, ಮಗುವನ್ನು ಎತ್ತಿಕೊಂಡು, ಬಲಗಡೆ ನಿಲ್ಲುವುದು ಕ್ರಮ. ನಡೆಯುವ ಮಕ್ಕಳ ಕಾಲಿನಲ್ಲಿ ಮೆತ್ತನೆಯ ರಬ್ಬರ್ ಪಾದರಕ್ಷೆ ಇದ್ದರೆ ಎತ್ತಿಕೊಳ್ಳಿ. ಮೆಟ್ಟಿಲಿನ ಅಂಚಿನ ಸಂದಿಯಲ್ಲಿ ಸಿಕ್ಕಿಕೊಳ್ಳುವುದು ಅಂಥವೇ. ರೈಲು ಹತ್ತುವಾಗ ಮುಂಚಕ್ರವೆತ್ತಿ ಒಳಗೆ ನೂಕಿ, ಇಳಿಯುವಾಗ ನೀವು ಮೊದಲು ಹಿಮ್ಮುಖವಾಗಿ ಇಳಿದು ದೊಡ್ಡ ಹಿಂಚಕ್ರವನ್ನು ಎಳೆದುಕೊಳ್ಳಿ. ಬ್ಯಾಂಕ್ ನಿಲ್ದಾಣದ ಸೆಂಟ್ರಲ್ ಲೈನಿನಂಥ ಬಾಗಿದ ಪ್ಲಾಟ್‌ಫಾರ್ಮುಗಳಲ್ಲಿ ಸಂದು ಎಷ್ಟು ಅಗಲವೆಂದರೆ ಪುಟ್ಟ ಮುಂಚಕ್ರ ಸಲೀಸಾಗಿ ಕೆಳಗಿಳಿದುಬಿಡುತ್ತದೆ.

ಕೆಲವು ದಾರಿಗಳನ್ನೇ ತೂಗಿ ನೋಡಿದರೆ

ಹೀಥ್ರೂ ವಿಮಾನ ನಿಲ್ದಾಣದಿಂದ ನಗರಕ್ಕೆ ಬರುವುದನ್ನೇ ತೆಗೆದುಕೊಳ್ಳಿ. ತಂದೆ, ತಾಯಿ, ಅಜ್ಜ, ಅಜ್ಜಿ, ಇಬ್ಬರು ಚಿಕ್ಕ ಮಕ್ಕಳು. 2025ರ ದರದಂತೆ ನಗರದ ನಡುಭಾಗಕ್ಕೆ ಪಿಕಾಡಿಲಿ ಲೈನಿನಲ್ಲಿ ವಯಸ್ಕರಿಗೆ 5.80 ಪೌಂಡ್, ಎಲಿಜಬೆತ್ ಲೈನಿನಲ್ಲಿ 13.90 ಪೌಂಡ್. ಮಕ್ಕಳಿಗೆ ಎರಡರಲ್ಲೂ ಟಿಕೆಟ್ಟಿಲ್ಲ. ನಾಲ್ವರಿಗೆ 23.20ಕ್ಕೂ 55.60ಕ್ಕೂ ಇರುವ ಅಂತರ ಸಣ್ಣದಲ್ಲ. ಪಿಕಾಡಿಲಿ ಅಲ್ಲಿಂದಲೇ ಹೊರಡುವುದರಿಂದ ಕೂರಲು ಸೀಟೂ ಸಿಗುತ್ತದೆ, ಆದರೆ ಒಂದು ಗಂಟೆಯ ಹತ್ತಿರ ಹಿಡಿಯುತ್ತದೆ, ಪೆಟ್ಟಿಗೆಗಳಿಗೆ ಜಾಗ ಸಾಲದು, ನಗರ ಹತ್ತಿರವಾದಂತೆ ಜನ ತುಂಬುತ್ತಾರೆ. ಇಳಿಯುವ ಜಾಗ ಹೌನ್ಸ್ಲೋ, ಅರ್ಲ್ಸ್ ಕೋರ್ಟ್, ಗ್ರೀನ್ ಪಾರ್ಕ್, ಕಿಂಗ್ಸ್ ಕ್ರಾಸ್ ಆಗಿದ್ದರೆ ಪಿಕಾಡಿಲಿಯನ್ನೇ ಹಿಡಿಯಿರಿ. ರಾತ್ರಿಯಿಡೀ ಹಾರಿ ಬಂದ ಮಗು ಮತ್ತು ಎರಡು ದೊಡ್ಡ ಪೆಟ್ಟಿಗೆಗಳಿದ್ದು, ಪ್ಯಾಡಿಂಗ್‌ಟನ್, ಟಾಟನ್‌ಹ್ಯಾಮ್ ಕೋರ್ಟ್ ರೋಡ್ ಅಥವಾ ಪೂರ್ವ ಲಂಡನ್ನಿಗೆ ಹೋಗುವುದಿದ್ದರೆ ಎಲಿಜಬೆತ್‌ಗೆ ಕೊಟ್ಟ ಹೆಚ್ಚಿನ ದುಡ್ಡು ವ್ಯರ್ಥವಲ್ಲ. ಅದಕ್ಕೂ ದುಬಾರಿಯಾದ ಹೀಥ್ರೂ ಎಕ್ಸ್‌ಪ್ರೆಸ್ ಪ್ಯಾಡಿಂಗ್‌ಟನ್‌ನಲ್ಲೇ ನಿಂತುಬಿಡುವುದರಿಂದ, ಅಲ್ಲಿಯೇ ಹೋಟೆಲ್ ಇಲ್ಲದವರಿಗೆ ನಾನು ಹೇಳುವುದಿಲ್ಲ.

ಡೈನೊಸಾರ್ ನೋಡಲು ಮಕ್ಕಳೆಲ್ಲ ಹೊರಡುವ ನ್ಯಾಚುರಲ್ ಹಿಸ್ಟರಿ ಮ್ಯೂಸಿಯಂಗೆ ಸೌತ್ ಕೆನ್ಸಿಂಗ್‌ಟನ್ ನಿಲ್ದಾಣ ಹತ್ತಿರ. ಅಲ್ಲಿ ಮೆಟ್ಟಿಲು ತಪ್ಪುವುದಿಲ್ಲ. ಕ್ಯಾರಿಯರ್ ಇದ್ದವರು ಡಿಸ್ಟ್ರಿಕ್ಟ್ ಅಥವಾ ಸರ್ಕಲ್ ಲೈನಿನಲ್ಲಿ ಅಲ್ಲೇ ಇಳಿಯಲಿ. ಸ್ಟ್ರೋಲರ್ ಇದ್ದವರು ಲಿಫ್ಟ್ ಇರುವ ಗ್ರೀನ್ ಪಾರ್ಕಿನಲ್ಲಿ ಮೇಲೆ ಬಂದು 14ನೇ ನಂಬರಿನ ಬಸ್ ಹಿಡಿಯಲಿ. ಥೇಮ್ಸ್ ದಂಡೆಯ ಬಸವೇಶ್ವರರ ಪ್ರತಿಮೆಗೆ ಹೋಗದೆ ಊರಿಗೆ ಮರಳುವ ಹಿರಿಯರು ಕಡಿಮೆ. 2015ರ ನವೆಂಬರ್‌ನಲ್ಲಿ ಅನಾವರಣಗೊಂಡ ಈ ಪ್ರತಿಮೆ ಆಲ್ಬರ್ಟ್ ಎಂಬ್ಯಾಂಕ್‌ಮೆಂಟ್‌ನಲ್ಲಿ, ಲ್ಯಾಂಬೆತ್ ಸೇತುವೆಯ ಬಳಿ ಇದೆ. ನಕ್ಷೆ ಹತ್ತಿರದ ಲ್ಯಾಂಬೆತ್ ನಾರ್ತ್ ತೋರಿಸಬಹುದು. ಅದನ್ನು ಬಿಟ್ಟು ಲಿಫ್ಟ್ ಇರುವ ವೆಸ್ಟ್‌ಮಿನ್‌ಸ್ಟರ್‌ನಲ್ಲಿ ಇಳಿದು, ಸೇತುವೆ ದಾಟಿ, ನದಿಯ ಬದಿಯಲ್ಲೇ ಸಮತಟ್ಟಾದ ದಾರಿಯಲ್ಲಿ ಸ್ಟ್ರೋಲರ್ ತಳ್ಳಿಕೊಂಡು ಹೋಗುವುದು ಸುಖ. ಪಾರ್ಲಿಮೆಂಟಿನ ನೋಟವೂ ಅದರಲ್ಲೇ ಮುಗಿಯುತ್ತದೆ.

ದುಡ್ಡಿನ ವಿಷಯ ಇನ್ನೊಂದಿಷ್ಟಿದೆ. ಬೆಂಗಳೂರಿನಂತೆ ಇಲ್ಲಿ ಎತ್ತರ ಅಳೆಯುವುದಿಲ್ಲ, ವಯಸ್ಸು ನೋಡುತ್ತಾರೆ. ದುಡ್ಡು ಕೊಟ್ಟ ಒಬ್ಬ ವಯಸ್ಕರ ಜೊತೆ 11 ವರ್ಷದೊಳಗಿನ ನಾಲ್ವರು ಮಕ್ಕಳವರೆಗೆ ಟ್ಯೂಬ್, ಡಿಎಲ್‌ಆರ್, ಎಲಿಜಬೆತ್ ಲೈನಿನಲ್ಲಿ ಉಚಿತವಾಗಿ ಹೋಗಬಹುದು. ಅಗಲವಾದ ಗೇಟಿನ ಬಳಿ ನಿಂತರೆ ಎಲ್ಲರೂ ಒಟ್ಟಿಗೆ ದಾಟಬಹುದು. ದೊಡ್ಡವರಲ್ಲಿ ಪ್ರತಿಯೊಬ್ಬರಿಗೂ ಗೇಟಿಗೆ ಮುಟ್ಟಿಸಲು ಬೇರೆ ಬೇರೆ ಕಾರ್ಡ್ ಬೇಕು, ಒಂದೇ ಕಾರ್ಡನ್ನು ಅಪ್ಪನೂ ಅಜ್ಜನೂ ಸರದಿಯಲ್ಲಿ ತೋರಿಸಲಾಗದು. ಭಾರತದ ಬ್ಯಾಂಕಿನ ಕಾರ್ಡನ್ನೇ ಮುಟ್ಟಿಸಿದರೆ ವಿದೇಶಿ ವಹಿವಾಟಿನ ಶುಲ್ಕ ಬೀಳಬಹುದು, ಹಾಗಾಗಿ ವಾರ ಮೀರಿ ಉಳಿಯುವ ಹಿರಿಯರಿಗೆ ಆಯ್ಸ್ಟರ್ ಎಂಬ, ಮೊದಲೇ ದುಡ್ಡು ತುಂಬಿಸಿಡುವ ಪ್ರಯಾಣದ ಕಾರ್ಡ್ ಮಾಡಿಸುವುದು ಒಳ್ಳೆಯದು. ಕೂಸಿನ ಜೊತೆಗೆ 11ರಿಂದ 15 ವರ್ಷದ ಅಕ್ಕನೋ ಅಣ್ಣನೋ ಇದ್ದರೆ, ನಿಲ್ದಾಣದ ಸಿಬ್ಬಂದಿಯನ್ನು ಕೇಳಿ ಆ ಮಗುವಿನ ಆಯ್ಸ್ಟರ್‌ಗೆ ‘ಯಂಗ್ ವಿಸಿಟರ್’ ರಿಯಾಯಿತಿ ಹಾಕಿಸಿ. ಹದಿನಾಲ್ಕು ದಿನ ಅರ್ಧ ದರ ಸಿಗುತ್ತದೆ. ಬ್ಯಾಂಕ್ ಕಾರ್ಡಿಗಾಗಲಿ ಫೋನಿಗಾಗಲಿ ಇದನ್ನು ಹಾಕಲು ಬರುವುದಿಲ್ಲವಾದ್ದರಿಂದ, ಹೀಥ್ರೂವಿನಲ್ಲಿ ಇಳಿದ ಕೂಡಲೇ ಮಾಡಿಸಿಕೊಳ್ಳುವುದು ಲೇಸು.